ಸಿದ್ದಯ್ಯನ ಕೈಗೆ ಕೊಟ್ಟ ವೈರ್‌ಲೆಸ್ ಸೆಟ್ಟು

ಕಾಡುಮೇಡು ತಿರುಗುವ ತಂಡಗಳಿಗೆ ವೈರ್‌ಲೆಸ್ ಸೆಟ್ಟು ಆರಿಸಿಕೊಡುವ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ. ‘ಇದು ಎಷ್ಟು ಮೈಲಿ ಹೋಗುತ್ತೆ ಸಾರ್?’

ಪ್ರಶ್ನೆಯೇ ತಪ್ಪು ಎಂದು ನನ್ನ ವಾದ. ಯಾವ ಮೈಲಿ? ಕೆರೆಯ ನೀರಿನ ಮೇಲಿನ ಮೈಲಿಯೋ, ಬಂಡೆಯ ಹಿಂದಿನ ಮೈಲಿಯೋ? ತಣ್ಣನೆಯ ಬೆಳಗಿನ ಮೈಲಿಯೋ, ಆಕಾಶ ಗುಡುಗುವ ಸಂಜೆಯದೋ? ಹೊಸ ಬ್ಯಾಟರಿಯದೋ, ಮೂರು ದಿನ ಜೀಪಿನಲ್ಲಿ ಬೆಂದ ಬ್ಯಾಟರಿಯದೋ? ಇಷ್ಟು ಕೇಳುವಷ್ಟರಲ್ಲಿ ಎದುರಿಗಿದ್ದವರು ‘ಇವರಿಗೆ ವಾದದ ಚಟ’ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಚಟ ಇರುವುದು ನಿಜ. ಆ ಚಟದಿಂದ ಒಮ್ಮೆ ಮೂರು ಜನ ಸಾಯುವುದರಲ್ಲಿದ್ದರು ಎಂಬುದೂ ನಿಜ. ಬಡ್ತಿ, ಬೀಳ್ಕೊಡುಗೆ, ಹಾರ ತುರಾಯಿಗಳನ್ನೆಲ್ಲ ಬದಿಗಿಟ್ಟು ಅದನ್ನೇ ಇಲ್ಲಿ ಬರೆಯುತ್ತೇನೆ. ಈ ಕೆಲಸಕ್ಕೆ ಬರುವವರಿಗೆ ನನ್ನ ಹಾರಗಳಿಂದ ಏನೂ ಉಪಯೋಗವಿಲ್ಲ.

ಐವತ್ತರ ದಶಕದಲ್ಲಿ ನಾನು ಕೆಲಸಕ್ಕೆ ಸೇರಿದಾಗ ರಾಜಾಜಿನಗರ ಇನ್ನೂ ನಗರವಾಗಿರಲಿಲ್ಲ. ಕಲ್ಲು ನೆಟ್ಟು ಗೆರೆ ಎಳೆದಿದ್ದರು. ಗೆರೆಗಳ ನಡುವೆ ಹುರುಳಿ ಬೆಳೆಯುತ್ತಿತ್ತು. ನಮ್ಮ ಇಲಾಖೆಯ ವರ್ಕ್‌ಶಾಪಿನ ತಗಡಿನ ಶೆಡ್ಡು ನಿಂತದ್ದು ನಮ್ಮ ದೊಡ್ಡಪ್ಪನ ಅವರೆ ಹೊಲದಲ್ಲಿ. ಮೊದಲ ವರ್ಷ ಶೆಡ್ಡಿನ ಗೋಡೆಯ ಬುಡದಲ್ಲಿ ಬಿದ್ದ ಬೀಜ ತಾನೇ ಹುಟ್ಟಿ, ಕಿಟಕಿಯ ಸರಳಿಗೆ ಹಬ್ಬಿ, ಹೂ ಬಿಟ್ಟಿತ್ತು. ಒಳಗೆ ವಾಲ್ವುಗಳು ಕಾದು ಕೆಂಪಗೆ ಮಿನುಗುವಾಗ ಬಿಸಿ ಧೂಳಿನ ವಾಸನೆ. ಕಿಟಕಿಯಿಂದ ಅವರೆ ಸೊಗಡಿನ ವಾಸನೆ. ಇಂದಿಗೂ ಯಾವುದಾದರೂ ಹಳೆಯ ರೇಡಿಯೊ ಬೆಚ್ಚಗಾದರೆ ನನ್ನ ಮೂಗಿಗೆ ಎರಡೂ ಒಟ್ಟಿಗೇ ಬರುತ್ತವೆ.

ದೊಡ್ಡ ವಿದ್ಯುತ್ ತಂತಿಗಳು ಹಾಯಬೇಕಾದ ದಾರಿಯನ್ನು ಮೊದಲೇ ನಡೆದು, ಅಳೆದು, ಗುರುತು ಹಾಕುವುದು ಇಲಾಖೆಯ ಕೆಲಸ. ಜೀಪುಗಳು ಕೆಂಗೇರಿಯಲ್ಲಿ ನಿಂತು ಕಾಫಿ ಕುಡಿದು, ಮುಂದೆ ಮೈಸೂರು ರಸ್ತೆ ಬಿಟ್ಟು ಎಡಕ್ಕೆ ತಿರುಗುತ್ತಿದ್ದವು. ಆಮೇಲೆ ಗಾಡಿಜಾಡು. ಅದು ಮುಗಿದರೆ ದನದ ಜಾಡು. ಅದೂ ಮುಗಿದ ಮೇಲೆ ನಾವು. ಅಲ್ಲಿ ತಂಡ ಒಡೆದು ಎರಡು ಮೂರು ದಿಕ್ಕಿಗೆ ಹೋಗುತ್ತಿತ್ತು. ಹೋದವರ ಸುದ್ದಿ ಸಂಜೆಯವರೆಗೆ ಇಲ್ಲ. ಅದಕ್ಕಾಗಿ ಯುದ್ಧ ಮುಗಿದ ಮೇಲೆ ಉಳಿದ ಮಿಲಿಟರಿ ಸೆಟ್ಟುಗಳನ್ನು ತರಿಸಿದ್ದರು. ಒಣಹುಲ್ಲು ತುಂಬಿದ ಮರದ ಪೆಟ್ಟಿಗೆಗಳಲ್ಲಿ ಅವು ಮೊಟ್ಟೆಗಳ ಹಾಗೆ ಮಲಗಿದ್ದವು. ಯಾವುದು ಬದುಕಿದೆ, ಯಾವುದು ಸತ್ತಿದೆ, ಬದುಕಿದ್ದರಲ್ಲಿ ಯಾವುದು ಕಾಡಿಗೆ ಹೋಗಬೇಕು ಎಂದು ಹೇಳುವುದಕ್ಕೆ ನನ್ನನ್ನು ತೆಗೆದುಕೊಂಡಿದ್ದರು.

ಹೇಳುವುದಕ್ಕೆ ನಾನು ಯಾವಾಗಲೂ ತಯಾರಿದ್ದೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಷೀಲ್ಡು ಗೆದ್ದವನು. ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಒಂದೇ ವಿಷಯಕ್ಕೆ ಬೆಳಿಗ್ಗೆ ಪರ, ಮಧ್ಯಾಹ್ನ ವಿರೋಧ ಮಾತಾಡಿ ಎರಡೂ ಸಲ ಗೆದ್ದದ್ದೂ ಉಂಟು. ಆಧಾರವಿಲ್ಲದೆ ಏನನ್ನೂ ನಂಬುತ್ತಿರಲಿಲ್ಲ. ವರ್ಕ್‌ಶಾಪಿನಲ್ಲಿ ಒಂದು ವಾರದಲ್ಲೇ ನನಗೆ ಲಾಯರಪ್ಪ ಎಂದು ಹೆಸರು ಬಿತ್ತು.

ನನ್ನ ಮೇಲಿನವರು ಹಿರಿಯ ಮೆಕ್ಯಾನಿಕ್ ಷಡಕ್ಷರಪ್ಪ. ರಾಣೆಬೆನ್ನೂರಿನ ಕಡೆಯವರು. ಹಣೆಯ ತುಂಬ ವಿಭೂತಿ, ಕಿವಿಯ ಹಿಂದೆ ಒಂದು ಸಣ್ಣ ಸ್ಕ್ರೂಡ್ರೈವರು. ಯುದ್ಧಕಾಲದಲ್ಲಿ ಬರ್ಮಾದ ಕಾಡಿನಲ್ಲಿ ವೈರ್‌ಲೆಸ್ ಹೊತ್ತವರು. ಹೊಸ ಪೆಟ್ಟಿಗೆ ತೆರೆದರೆ ಮೀಟರಿಗೆ ಕೈ ಹಾಕುವ ಮೊದಲು ಸೆಟ್ಟಿನ ಬೆನ್ನಿಗೆ ಮೂಗು ಇಡುತ್ತಿದ್ದರು.

‘ಮೊದಲ ವಾಸನಿ ನೋಡಪಾ ತಮ್ಮಾ. ಸುಟ್ಟದ್ದು ಮೂಗಿಗೆ ಗೊತ್ತಾಗ್ತೈತಿ.’

‘ಮೀಟರ್ ಇರೋದ್ಯಾಕೆ ಸಾರ್ ಹಾಗಾದ್ರೆ?’

‘ಮೂಗು ಹೇಳಿದ್ದನ್ನ ಸಾಹೇಬ್ರಿಗೆ ಬರದು ಕೊಡಾಕ.’

ಆ ಮಾತಿಗೆ ನಾನು ಎರಡು ದಿನ ಕುದಿದೆ. ಇಂದು ಎಳೆಯರಿಗೆ ಹೇಳುತ್ತೇನೆ: ಮೂಗು ಬಳಸಿ. ಸರಿಯಿತ್ತು ಅವರ ಮಾತು.

ಪರೀಕ್ಷೆಗಳನ್ನು ನಾವು ಬೆಳಗಿನ ಜಾವದ ಬೆಳಕಿನಲ್ಲಿ ಮಾಡುತ್ತಿದ್ದೆವು. ಆಗ ಆಕಾಶದಲ್ಲಿ ಗರಗರ ಕಡಿಮೆ. ಈಗ ಮಹಾಲಕ್ಷ್ಮಿ ಲೇಔಟ್ ಇರುವ ಕಡೆ ಬಂಡೆಗಳ ದಿಬ್ಬಗಳಿದ್ದವು. ಅಲ್ಲಿ ನಾನು, ಈಗಿನ ವಿಜಯನಗರದ ಹೊಲಗಳಲ್ಲಿ ಇನ್ನೊಬ್ಬ ಅಪ್ರೆಂಟಿಸ್. ಮಂಜು ಹಾಲಿನ ಹಾಗೆ ನಿಂತಿರುತ್ತಿತ್ತು. ಹುಣಸೆ ಮರಗಳ ತಲೆ ಮಾತ್ರ ಅದರ ಮೇಲೆ ತೇಲುತ್ತಿತ್ತು. ಕಿವಿಗೆ ಸೆಟ್ಟು ಇಟ್ಟುಕೊಂಡರೆ ಮೊದಲು ಒಂದು ಸಣ್ಣ ಸುಯ್ಯೆನ್ನುವ ಸದ್ದು, ಮಂಜಿಗೇ ದನಿ ಬಂದಂತೆ. ಆ ಸುಯ್ಯೊಳಗಿಂದ ಮನುಷ್ಯನ ಮಾತು ನಿಧಾನವಾಗಿ ಮೇಲೆದ್ದು ಬರುತ್ತಿತ್ತು. ಮೈ ಇಲ್ಲದ ಮಾತು. ನನ್ನಂಥ ಅನುಮಾನದ ಪ್ರಾಣಿಗೂ ಆ ಒಂದು ಗಳಿಗೆ ಮಾತ್ರ ಯಾವ ಆಧಾರವೂ ಬೇಕೆನಿಸುತ್ತಿರಲಿಲ್ಲ.

ಒಮ್ಮೆ ಮೊಸರಿನ ಕುಕ್ಕೆ ಹೊತ್ತ ಹೆಂಗಸೊಬ್ಬರು ನಿಂತು ಕೇಳಿಸಿಕೊಂಡರು. ಪೆಟ್ಟಿಗೆಯೊಳಗಿಂದ ಅಪ್ರೆಂಟಿಸನ ದನಿ ಒಂದು, ಎರಡು, ಮೂರು ಎಂದು ಎಣಿಸುತ್ತಿತ್ತು.

‘ಯಾರಪ್ಪ ಅದು ಒಳಗೆ?’

‘ನಮ್ಮ ಹುಡುಗ ಅಮ್ಮ. ಅಲ್ಲಿ ಹೊಲದಲ್ಲಿದಾನೆ.’

‘ಬೆಳಬೆಳಿಗ್ಗೆ ಒಂದು ಎರಡು ಅಂತ ಎಣಿಸ್ತಾ ಕೂತವ್ನೆ, ಪಾಪ. ಅವ್ನು ತಿಂಡಿ ತಿಂದ್ನಾ ಕೇಳೋ.’

ನಾನು ಕೇಳಿದೆ. ತಿಂದಿಲ್ಲ ಎಂದ. ‘ನೋಡ್ದಾ’ ಎಂದು ಆಕೆ ಒಂದು ಕುಡಿಕೆ ಮೊಸರು ಇಟ್ಟು ಹೋದರು. ಆ ಸೆಟ್ಟಿನ ಮೂಲಕ ಕಳಿಸಿದ್ದರಲ್ಲಿ ಉಪಯೋಗಕ್ಕೆ ಬಂದ ಮೊದಲ ಪ್ರಶ್ನೆ ಅದು. ನಾನು ಅದನ್ನು ವರದಿಯಲ್ಲಿ ಬರೆಯಲಿಲ್ಲ.

ಕೊನೆಗೆ ಆಯ್ಕೆಗೆ ಉಳಿದದ್ದು ಎರಡು ಬಗೆ. ಒಂದು ಕೈಸೆಟ್ಟು. ಉದ್ದನೆಯ ಇಟ್ಟಿಗೆಯ ಗಾತ್ರ. ಒಬ್ಬನೇ ಒಂದೇ ಕೈಯಲ್ಲಿ ಹಿಡಿದು ನಡೆಯಬಹುದು. ಪಕ್ಕದಲ್ಲಿ ಒಂದು ಗುಂಡಿ. ಒತ್ತಿ ಹಿಡಿದರೆ ನಮ್ಮ ಮಾತು ಹೋಗುತ್ತದೆ, ಬಿಟ್ಟರೆ ಅವರ ಮಾತು ಬರುತ್ತದೆ. ಎರಡೂ ಒಟ್ಟಿಗೆ ಆಗುವುದಿಲ್ಲ. ಇನ್ನೊಂದು ಬೆನ್ನುಸೆಟ್ಟು. ಒಬ್ಬ ಹೊರಬೇಕು, ಇನ್ನೊಬ್ಬ ಅದರ ಕರೆಂಟಿಗೆ ಕೈಯಿಂದ ಹಿಡಿಕೆ ತಿರುಗಿಸುತ್ತಿರಬೇಕು. ಜೀಪುಗಳಲ್ಲಿ ದೊಡ್ಡ ಸೆಟ್ಟುಗಳು ಹೇಗೂ ಇದ್ದವು. ಜೀಪು ಬಿಟ್ಟು ನಡೆದು ಹೋಗುವವರ ಕೈಗೆ ಏನು ಕೊಡಬೇಕು ಎಂಬುದೇ ಪ್ರಶ್ನೆ.

ಅಧಿಕಾರಿ ವರದರಾಜ್ ಸಾಹೇಬರು ನನ್ನನ್ನೂ ಷಡಕ್ಷರಪ್ಪನವರನ್ನೂ ಕೋಣೆಗೆ ಕರೆದರು. ‘ಮಿಸ್ಟರ್ ಲಾಯರ್, ಮೊದಲು ನೀವು. ಚಿಕ್ಕದಾಗಿ.’

ನಾನು ಚಿಕ್ಕದಾಗಿ ಹೇಳಲಿಲ್ಲ. ತೂಕ, ವೇಗ, ಸರಳತೆ ಎಂದು ಮೂರು ಅಂಶ. ಪ್ರತಿಯೊಂದಕ್ಕೂ ಬೆಳಗಿನ ಪರೀಕ್ಷೆಗಳ ಪಟ್ಟಿ. ನಡುವೆ ಒಂದು ನಗೆಹನಿ. ಕೊನೆಗೆ ಕೈಸೆಟ್ಟನ್ನು ಮೇಜಿನ ಮೇಲೆ ನಿಲ್ಲಿಸಿ, ‘ಇದನ್ನು ಮಗು ಕೂಡ ಬಳಸಬಹುದು ಸಾರ್’ ಎಂದೆ.

ಸಾಹೇಬರು ಷಡಕ್ಷರಪ್ಪನವರ ಕಡೆ ತಿರುಗಿದರು.

‘ಹುಡುಗ ಹೇಳಿದ್ದು ಖರೇ ಐತ್ರಿ. ಆದ್ರ ಪರೀಕ್ಷಾ ಮಾಡಿದವರು ಯಾರು? ಇವನು, ಇವನ ಗೆಳ್ಯಾ. ಇಬ್ಬರೂ ಕಾಲೇಜು ಕಲ್ತವರು. ಅಳತಿ ಚೈನ್ ಹಿಡಿಯವ್ರ ಕೈಯಾಗ ಕೊಟ್ಟು ನೋಡೂಣು ಅಂತೀನಿ.’

‘ಕೊಟ್ಟರೆ ಏನು ತಪ್ಪಾಗಬಹುದು? ಒಂದೇ ಒಂದು ಉದಾಹರಣೆ ಕೊಡಿ ಸಾರ್’ ಎಂದೆ.

‘ಆಗದ ಇರೂದಕ್ಕ ಉದಾಹರಣಿ ಎಲ್ಲಿಂದ ತರ್ಲಿ ತಮ್ಮಾ?’

‘ಹಾಗಾದರೆ ನಾವು ಚರ್ಚೆ ಮಾಡುತ್ತಿರುವುದು ಭಯದ ಬಗ್ಗೆ. ಸೆಟ್ಟಿನ ಬಗ್ಗೆ ಅಲ್ಲ.’

ಸಾಹೇಬರು ನಕ್ಕು ಬಿಟ್ಟರು. ಅಲ್ಲಿಗೆ ಮುಗಿಯಿತು. ನಾನು ಗೆದ್ದೆ. ಹೊರಗೆ ಬಂದಾಗ ಷಡಕ್ಷರಪ್ಪನವರು ಬೇಜಾರಿಲ್ಲದೆ ನನ್ನ ಬೆನ್ನು ತಟ್ಟಿದರು. ಅದು ನನಗೆ ಇನ್ನೂ ಹೆಚ್ಚು ಸಿಟ್ಟು ತಂದಿತು.

ನಡೆದು ಹೋಗುವ ತಂಡದ ಮುಂದಾಳು ಸಿದ್ದಯ್ಯ. ಕೆಂಗೇರಿ ಪಕ್ಕದ ಹಳ್ಳಿಯವರು, ಅಳತೆಯ ಚೈನು ಎಳೆಯುವವರು, ವಯಸ್ಸಿನಲ್ಲಿ ನನ್ನ ತಂದೆಯಷ್ಟು. ಆದರೂ ನನ್ನನ್ನು ‘ಬುದ್ಧಿ’ ಎಂದು ಕರೆಯುತ್ತಿದ್ದರು. ಶೆಡ್ಡಿನ ಮುಂದೆ ನಿಲ್ಲಿಸಿಕೊಂಡು ಸೆಟ್ಟು ಕಲಿಸಿದೆ. ಕಲಿಸಿದೆ ಎಂದರೆ ಭಾಷಣ ಮಾಡಿದೆ. ಅಲೆಗಳೆಂದರೇನು, ವಾಲ್ವು ಎಂದರೇನು, ಶಿಸ್ತು ಎಂದರೇನು. ಗುಂಡಿಯ ವಿಷಯ ಎರಡೇ ವಾಕ್ಯದಲ್ಲಿ ಮುಗಿಸಿದೆ. ಅದು ಬಹಳ ಸುಲಭವಾಗಿತ್ತಲ್ಲ. ಸಿದ್ದಯ್ಯ ಸೆಟ್ಟನ್ನು ಎರಡೂ ಕೈಯಲ್ಲಿ ಪ್ರಸಾದದ ತಟ್ಟೆಯಂತೆ ಹಿಡಿದು ನಿಂತಿದ್ದರು.

‘ಯಾವ ಕಾರಣಕ್ಕೂ ಸಂಪರ್ಕ ತಪ್ಪಬಾರದು. ಯಾವಾಗಲೂ ನಮ್ಮೊಂದಿಗೆ ಇರಬೇಕು. ತಿಳೀತಾ ಸಿದ್ದಯ್ಯ?’

‘ತಿಳೀತು ಬುದ್ಧಿ.’

ನಮ್ಮ ಕಡೆ ದೊಡ್ಡವರು ಕಲಿಸಿ ಮುಗಿಸಿ ತಿಳೀತಾ ಎಂದರೆ, ಇಲ್ಲ ಎನ್ನುವ ಪದ್ಧತಿಯಿಲ್ಲ. ಇಲ್ಲ ಎಂದರೆ ಕಲಿಸಿದವರಿಗೆ ಅವಮಾನ. ಅದೇ ಮಣ್ಣಿನಲ್ಲಿ ಹುಟ್ಟಿದ ನನಗೆ ಇದು ಗೊತ್ತಿರಬೇಕಿತ್ತು. ಗೊತ್ತಿತ್ತು ಕೂಡ. ಆದರೆ ಆ ‘ತಿಳೀತು’ ನನಗೆ ಸಾಕ್ಷ್ಯದಂತೆ ಕೇಳಿಸಿತು.

ಬೇಸಿಗೆಯ ಕೊನೆಯಲ್ಲಿ ಹೊರಟೆವು. ಎರಡು ಜೀಪು. ಕನಕಪುರ ದಾಟಿ, ಕಾವೇರಿಯ ಕಡೆಗೆ ಇಳಿಯುವ ಕುರುಚಲು ಕಾಡು. ಒಂದು ಒಣಹಳ್ಳ ಆ ಕಾಡನ್ನು ಸೀಳಿಕೊಂಡು ಹೋಗುತ್ತಿತ್ತು. ತಂತಿ ಅದನ್ನು ದಾಟಬೇಕಾದ ಜಾಗ ಗುರುತಿಸಬೇಕಿತ್ತು. ಷಡಕ್ಷರಪ್ಪನವರ ಜೀಪು ಹಳ್ಳದ ಮೇಲ್ಭಾಗಕ್ಕೆ, ಐದಾರು ಮೈಲಿ ಆಚೆಯ ಗುಡ್ಡಕ್ಕೆ ಹೋಯಿತು. ನಾನು ಮತ್ತು ಡ್ರೈವರ್ ಗೌಸ್ ಹಳ್ಳದ ಮೇಲಿನ ಗುಡ್ಡದ ಅಂಚಿನಲ್ಲಿ ನಿಂತೆವು. ಸಿದ್ದಯ್ಯ, ಬಾವುಟ ಹಿಡಿಯುವ ಮರಿಯಪ್ಪ ಮತ್ತು ಕೆಂಪ ಕೈಸೆಟ್ಟು ಹಿಡಿದು ಕೆಳಗಿಳಿದರು. ಇಳಿಯಲು ಒಂದು ಗಂಟೆ ಬೇಕು. ಎಲೆಯಿಲ್ಲದ ಮರಗಳ ನಡುವೆ ಅವರ ಕೆಂಪು ಬಾವುಟ ಸ್ವಲ್ಪ ಹೊತ್ತು ಕಂಡಿತು. ಆಮೇಲೆ ಇಲ್ಲ.

ಹತ್ತು ಗಂಟೆಯ ಸುಮಾರಿಗೆ ಜೀಪಿನ ಸ್ಪೀಕರಿನಲ್ಲಿ ಸುಯ್ಯೆನ್ನುವುದು ನಿಂತು ಬೇರೆ ಏನೋ ಶುರುವಾಯಿತು. ಒಣ ಎಲೆಯ ಮೇಲೆ ಹೆಜ್ಜೆ. ಯಾರೋ ಗಂಟಲು ಸರಿಮಾಡಿಕೊಂಡದ್ದು. ಒಂದು ಹಕ್ಕಿ, ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವ ಹಾಗೆ.

‘ಸಿದ್ದಯ್ಯ, ಕೇಳಿಸ್ತಾ ಇದೆಯಾ?’ ಎಂದೆ. ಉತ್ತರವಿಲ್ಲ. ಹೆಜ್ಜೆಗಳು ನಡೆಯುತ್ತಲೇ ಇದ್ದವು. ಗುಂಡಿ ಒತ್ತಿಕೊಂಡಿದ್ದಾರೆ, ಬಿಟ್ಟಾಗ ಮಾತಾಡಿದರಾಯಿತು ಎಂದುಕೊಂಡೆ.

ಒಪ್ಪಿಕೊಂಡುಬಿಡುತ್ತೇನೆ: ಆಮೇಲಿನ ಎರಡು ಗಂಟೆ ನನ್ನ ವೃತ್ತಿಯಲ್ಲೇ ಅತ್ಯಂತ ಸುಖದ ಹೊತ್ತು. ಗೌಸ್ ಸೀಟಿನಲ್ಲಿ ಕಾಲು ಚಾಚಿ ಮಲಗಿದ್ದ. ನಾನು ಬಾನೆಟ್ಟಿನ ನೆರಳಿನಲ್ಲಿ ಕೂತು ಕಣ್ಣು ಮುಚ್ಚಿದೆ. ಇಡೀ ಕಣಿವೆ ಒಂದು ತಗಡಿನ ಸ್ಪೀಕರಿನಿಂದ ಹರಿದು ಬರುತ್ತಿತ್ತು. ಚೈನಿನ ಕೊಂಡಿಗಳು ಕಲ್ಲಿನ ಮೇಲೆ ಕಿಣಿಕಿಣಿ ಎನ್ನುವುದು, ದೂರದಲ್ಲಿ ಕೆಂಪ ‘ಓ…’ ಎಂದು ಅಳತೆ ಕೂಗುವುದು, ಬಂಡೆಯ ಸಂದಿಯ ಗಾಳಿ. ನಾನು ಇಲ್ಲಿದ್ದೆ, ಅಲ್ಲಿಯೂ ಇದ್ದೆ. ಮಧ್ಯೆ ಒಂದು ಸಲ, ಗುಂಡಿ ಇಷ್ಟು ಹೊತ್ತು ಒತ್ತಿಯೇ ಇರಬಾರದಲ್ಲ ಎಂಬ ಯೋಚನೆ ಬಂತು. ಬಂದದ್ದು ಹಾಗೇ ತೇಲಿ ಹೋಯಿತು.

ನಡುಮಧ್ಯಾಹ್ನ ಆ ಸದ್ದುಗಳ ಮೇಲೆ ಇನ್ನೊಂದು ದನಿ ದಪ್ಪನೆ ಬಿತ್ತು. ಜೀಪಿನ ಸೆಟ್ಟಿಗೆ ಶಕ್ತಿ ಜಾಸ್ತಿ. ಸಿದ್ದಯ್ಯನ ಉಸಿರಾಟವನ್ನು ಅದು ತಳ್ಳಿಕೊಂಡು ಬಂತು. ಷಡಕ್ಷರಪ್ಪ.

‘ತಮ್ಮಾ, ಇಲ್ಲಿ ಮಳಿ ಹೊಡದೈತಿ. ದೊಡ್ಡ ಮಳಿ. ಹಳ್ಳಕ್ಕ ನೀರು ಬರಾಕತ್ತೈತಿ, ಕೆಂಪಗ, ಗಿಡಾ ಮರಾ ಹೊತ್ಕೊಂಡು. ಅರ್ಧ ತಾಸಿನ್ಯಾಗ ನಿಮ್ಮಲ್ಲಿಗೆ ಬರ್ತೈತಿ. ಕೆಳಗಿದ್ದವರನ್ನ ಏರಸು. ಲಗೂನ ಏರಸು.’

ನನ್ನ ತಲೆಯ ಮೇಲೆ ಬಿಸಿಲು ಬೆಳ್ಳಗೆ ಹೊಳೆಯುತ್ತಿತ್ತು. ಮೈಕು ಹಿಡಿದೆ.

‘ಸಿದ್ದಯ್ಯ! ಹಳ್ಳ ಬಿಟ್ಟು ಮೇಲೆ ಬನ್ನಿ! ನೀರು ಬರ್ತಾ ಇದೆ! ಸಿದ್ದಯ್ಯ!’

ಮೈಕು ಬಿಟ್ಟೆ. ಸ್ಪೀಕರಿನಿಂದ ಮರಿಯಪ್ಪನ ದನಿ, ಪಕ್ಕದಲ್ಲೇ ಕೂತು ಮಾತಾಡಿದಷ್ಟು ಸ್ಪಷ್ಟವಾಗಿ:

‘ಇಲ್ಲೇ ಕೂರಣ ಸಿದ್ದಣ್ಣ. ಮರಳು ತಣ್ಗಿದೆ.’

‘ಕೂರು. ಪೆಟ್ಟಿಗೆ ಹುಷಾರು ಕಣ್ಲಾ, ಕಲ್ಲಿನ ಮ್ಯಾಲೆ ಇಡು.’

ಬುತ್ತಿಯ ಗಂಟು ಬಿಚ್ಚಿದ ಸದ್ದು. ಅವರು ಹಳ್ಳದ ಪಾತ್ರದ ನಡುವೆ ಊಟಕ್ಕೆ ಕೂತರು. ಸೆಟ್ಟು ಕಲ್ಲಿನ ಮೇಲಿದೆ. ಯಾರ ಕೈಯಲ್ಲೂ ಇಲ್ಲ. ಆದರೂ ಗುಂಡಿ ಒತ್ತಿಯೇ ಇದೆ. ಹಾಗಾದರೆ ಅದನ್ನು ಕಟ್ಟಿದ್ದಾರೆ. ಬೆಳಿಗ್ಗೆಯಿಂದ ನನ್ನ ಒಂದು ಮಾತೂ ಅವರನ್ನು ಮುಟ್ಟಿಲ್ಲ. ಮುಟ್ಟುವುದೂ ಇಲ್ಲ. ನನಗೆ ಎಲ್ಲ ಕೇಳಿಸುತ್ತದೆ, ಬೆರಳಿಗಂಟಿದ ಮುದ್ದೆಯನ್ನು ಅವರು ನೆಕ್ಕುವುದೂ ಕೇಳಿಸುತ್ತದೆ. ನಾನು ಮಾತ್ರ ಅವರ ಪಾಲಿಗೆ ಇಲ್ಲ.

‘ಲಾಯರಪ್ಪ ಇವತ್ತು ಯಾಕೋ ಗಪ್‌ಚಿಪ್ಪು’ ಎಂದ ಕೆಂಪ.

‘ಬಾಯಿಗೂ ರಜಾ ಬೇಡ್ವೇನ್ಲಾ’ ಎಂದ ಮರಿಯಪ್ಪ. ಮೂವರೂ ನಕ್ಕರು.

‘ಹಾರ್ನ್ ಹೊಡಿ ಗೌಸ್!’ ಎಂದು ಕೂಗಿದೆ. ಗೌಸ್ ಎದ್ದವನೇ ಅಂಗೈಯಿಂದ ಒತ್ತಿ ಹಿಡಿದ. ಉದ್ದನೆಯ ಹಾರ್ನು. ನಾನು ಎಣಿಸಿದೆ: ಒಂದು, ಎರಡು, ಮೂರು, ನಾಲ್ಕು. ನಮ್ಮದೇ ಹಾರ್ನು ಕಣಿವೆಗಿಳಿದು, ಸಿದ್ದಯ್ಯನ ಸೆಟ್ಟಿನೊಳಗೆ ಹೊಕ್ಕು, ಸ್ಪೀಕರಿನಿಂದ ನನ್ನ ಕಿವಿಗೇ ವಾಪಸು ಬಂತು. ಸಣ್ಣಗೆ, ಕನಸಿನಲ್ಲಿ ಯಾರೋ ಕರೆದ ಹಾಗೆ.

‘ಜೀಪು ಕಣಣ್ಣ’ ಎಂದ ಮರಿಯಪ್ಪ.

‘ಗೌಸು ಬೇಜಾರಾಗಿ ಹೊಡೀತಾವ್ನೆ ಬಿಡು. ಅವ್ನಿಗೆ ಊಟ ತಡ ಆದ್ರೆ ಹಂಗೇಯ.’

ಸದ್ದು ಮುಟ್ಟಿದೆ, ಅರ್ಥ ಮುಟ್ಟಿಲ್ಲ. ಹಾರ್ನು ಹೊಡೆದರೆ ಮೇಲೆ ಬನ್ನಿ ಎಂದು ನಾವು ಮಾತಾಡಿಕೊಂಡಿರಲಿಲ್ಲ. ನಾನು ಅಲೆಗಳ ಬಗ್ಗೆ ಭಾಷಣ ಮಾಡಿದ್ದೆ.

‘ಸಾಬ್, ನಾನ್ ಓಡ್ತೀನಿ ಕೆಳಗೆ’ ಎಂದ ಗೌಸ್. ‘ಒಂದು ಗಂಟೆ ದಾರಿ ಗೌಸ್. ನೀರು ಮೊದಲು ಬರುತ್ತೆ. ಇಲ್ಲೇ ಇರು’ ಎಂದೆ. ಸ್ಪೀಕರಿಗೆ ಕಿವಿ ಹಚ್ಚಿದೆ. ಹೇಳುವುದಕ್ಕೆ ದಾರಿಯಿರಲಿಲ್ಲ, ಕೇಳುವುದೊಂದೇ ಉಳಿದಿತ್ತು.

ಕೆಳಗೆ ಸಿದ್ದಯ್ಯ ಏನನ್ನೋ ತಟ್ಟಿದರು, ಟಕ್ ಟಕ್ ಎಂದು.

‘ಕಲ್ಲು ನೋಡ್ಲಾ ಕೆಂಪ. ನಮ್ ಗಣಿ ಕಲ್ಲಿನಂಗೇ ದನಿ ಕೊಡ್ತದೆ. ಚೈನ್ ಹಿಡಿಯಾಕೆ ಬರೋದಕ್ಕಿಂತ ಮುಂಚೆ ಹನ್ನೆರಡು ವರ್ಷ ಇಂಥಾದ್ನೇ ಒಡೆದಿವ್ನಿ.’

ಗಣಿ! ಮಾಗಡಿ ರಸ್ತೆಯ ಆಚೀಚಿನ ನಮ್ಮ ಹಳ್ಳಿಗಳಲ್ಲಿ ಕಲ್ಲುಗಣಿ ಇಲ್ಲದ ದಿಕ್ಕಿರಲಿಲ್ಲ. ಬಂಡೆಗೆ ಮದ್ದು ತುಂಬಿ ಬತ್ತಿಗೆ ಕಿಡಿ ಇಡುವ ಮೊದಲು ನೇತುಹಾಕಿದ ಕಂಬಿಯ ತುಂಡಿಗೆ ಬಿಗಿಯಾಗಿ ಮೂರು ಪೆಟ್ಟು ಹೊಡೆಯುತ್ತಿದ್ದರು. ತಡೆದು, ಮತ್ತೆ ಮೂರು. ತಡೆದು, ಮತ್ತೆ ಮೂರು. ಅದು ಕೇಳಿದರೆ ಉಣ್ಣುವವನು ಅನ್ನ ಬಿಟ್ಟು ಓಡಬೇಕು. ನಾವು ಮಕ್ಕಳಾಗಿದ್ದಾಗ ಅದಕ್ಕೆ ಕಾಲೇ ಉತ್ತರ ಕೊಡುತ್ತಿತ್ತು, ತಲೆ ಅಲ್ಲ.

‘ಗೌಸ್, ಮೂರು ಸಲ. ಚುಟುಕಾಗಿ. ನಿಲ್ಲಿಸು. ಮತ್ತೆ ಮೂರು. ನಾನು ಸಾಕು ಅನ್ನೋವರೆಗೂ ಅದೇ.’

ಪಾಂ ಪಾಂ ಪಾಂ. ಎಣಿಸಿದೆ. ನಾಲ್ಕು ಸೆಕೆಂಡಿನ ಮೇಲೆ ಸ್ಪೀಕರಿನಲ್ಲಿ ಅದೇ ಮೂರು, ಸಣ್ಣಗೆ. ಮತ್ತೆ ಮೂರು. ಕೆಳಗೆ ಮಾತು ನಿಂತಿತು. ಮತ್ತೆ ಮೂರು.

‘ಲೇ’ ಎಂದರು ಸಿದ್ದಯ್ಯ. ದನಿಯೇ ಬೇರೆಯಾಗಿತ್ತು. ‘ಲೇ, ಮದ್ದು! ಮದ್ದು ಇಟ್ಟವ್ರೆ! ಏಳ್ರೋ!’

‘ಇಲ್ಲಿ ಯಾರಣ್ಣ ಮದ್ದು ಇಡ್ತಾರೆ…’

‘ವಾದ ಮಾಡ್ಬ್ಯಾಡ, ಏಳು!’

ಬುತ್ತಿಯ ತಟ್ಟೆ ಉರುಳಿತು.

‘ಆ ಬಂಡೆ ಮರೆಗೆ ಹೋಗಣ?’ ಕೆಂಪನ ದನಿ.  ಬಂಡೆ ಇರುವುದು ಹಳ್ಳದಲ್ಲಿ.

‘ಬ್ಯಾಡ! ಸದ್ದು ಈ ಕಡೆಯಿಂದ ಬಂತು, ಕಲ್ಲು ಈ ಕಡೆಯಿಂದ್ಲೇ ಬೀಳ್ತದೆ. ಆಚೆ ದಡಕ್ಕೆ! ಮ್ಯಾಲಕ್ಕೆ ಓಡ್ರೋ!’

‘ಪೆಟ್ಟಿಗೆ?’

ಒಂದು ಜೊತೆ ಹೆಜ್ಜೆ ಸೆಟ್ಟಿನ ಕಡೆಗೆ ತಿರುಗಿತು.

‘ಬಿಡು ಅತ್ಲಾಗೆ!’

ಓಡುವ ಕಾಲುಗಳು, ಜಾರುವ ಕಲ್ಲುಗಳು. ಎಲ್ಲ ದೂರವಾಗುತ್ತ ಹೋಯಿತು. ಕಲ್ಲಿನ ಮೇಲೆ ಕೂತ ಸೆಟ್ಟು ಮಾತ್ರ ನನಗೆ ಖಾಲಿ ಹಳ್ಳವನ್ನು ಕೇಳಿಸುತ್ತಿತ್ತು. ಬೆಳಗಿನ ಅದೇ ಹಕ್ಕಿ ಮತ್ತೆ ಕೂಗಿತು. ಆಮೇಲೆ ಅದೂ ಸುಮ್ಮನಾಯಿತು. ಆಮೇಲೆ ದೂರದಿಂದ ಬಹಳ ಜನ ಒಟ್ಟಿಗೆ ಪಿಸುಗುಟ್ಟಿದ ಹಾಗೆ ಒಂದು ಸದ್ದು. ಅದು ಬೆಳೆಯಿತು. ಗಾಡಿಗಳು ಉರುಳಿದಂತಾಯಿತು. ಸ್ಪೀಕರಿನ ತಗಡು ನಡುಗಿತು. ಒಂದು ಗುಳುಕು.

ಸುಯ್ಯೆನ್ನುವುದು ಮತ್ತೆ ಶುರುವಾಯಿತು.

ಅವರು ದಡ ಹತ್ತಿದರೋ ಇಲ್ಲವೋ ಅದು ಹೇಳಲಿಲ್ಲ. ನಾನೂ ಗೌಸೂ ಮುಳ್ಳುಕಂಟಿ ಹರಿದುಕೊಂಡು ಇಳಿದೆವು. ಮರಳಿದ್ದ ಜಾಗದಲ್ಲಿ ಕೆಂಪು ನೀರು ಎರಡಾಳು ಎತ್ತರ ಮೊರೆಯುತ್ತಿತ್ತು. ಆಚೆ ದಡದಲ್ಲಿ ಯಾರೂ ಇರಲಿಲ್ಲ. ಕೂಗಿದೆವು, ನಮ್ಮ ಕೂಗು ನಮಗೇ ಕೇಳಿಸಲಿಲ್ಲ. ಹೊತ್ತು ಇಳಿಯಿತು. ನೀರಿನ ಮೇಲೆ ಸಂಜೆಯ ಬೆಳಕು ತಾಮ್ರದ ತಗಡಿನಂತೆ ಬಿದ್ದಾಗ ಆಚೆಯ ಬಂಡೆಯ ನೆತ್ತಿಯಲ್ಲಿ ಒಬ್ಬರು ಎದ್ದು ನಿಂತರು. ಪಕ್ಕದಲ್ಲಿ ಇನ್ನೊಬ್ಬರು. ಒಂದು, ಎರಡು ಎಂದು ಎಣಿಸಿದೆ; ಆಮೇಲೆ ಮೂರನೆಯವರೂ ಎದ್ದರು. ಸಿದ್ದಯ್ಯ ಎರಡೂ ಕೈ ಎತ್ತಿ ನಮ್ಮ ಕಡೆಗೆ ಮುಗಿದರು. ಬದುಕಿದ್ದಕ್ಕಲ್ಲ, ಪೆಟ್ಟಿಗೆ ಕಳೆದದ್ದಕ್ಕೆ ಎಂದು ಅಷ್ಟು ದೂರದಿಂದಲೂ ತಿಳಿಯಿತು.

ಬೆಂಗಳೂರಿಗೆ ಮರಳಿದ ಮೇಲೆ ಆದದ್ದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಚೈನ್‌ಮನ್ನನ ಅಜಾಗರೂಕತೆಯಿಂದ ಸೆಟ್ಟು ನಷ್ಟ ಎಂದು ಬರೆಯಲು ಕಚೇರಿ ತಯಾರಿತ್ತು. ನಾನು ವರದರಾಜ್ ಸಾಹೇಬರ ಎದುರು ನಿಂತು ತಪ್ಪು ನನ್ನದು ಎಂದು ವಾದಿಸಿದೆ.

‘ಆರಿಸಿದ್ದು ನೀವು, ಕಲಿಸಿದ್ದು ನೀವು, ತಪ್ಪಿತಸ್ಥ ಅಂತ ಹೇಳೋದೂ ನೀವೇ. ಎದುರು ಪಕ್ಷ ಯಾರಪ್ಪ ಇದರಲ್ಲಿ?’ ಎಂದರು ಸಾಹೇಬರು.

‘ಯಾರೂ ಇಲ್ಲ ಸಾರ್.’

ಅವರು ಕನ್ನಡಕ ತೆಗೆದು ಒರೆಸಿ, ನಾನು ಹೇಳಿದ ಹಾಗೆಯೇ ಬರೆಸಿದರು. ಸಿದ್ದಯ್ಯನ ಕೆಲಸ ಉಳಿಯಿತು. ಆಮೇಲೆ ಕೆಲಸದ ಕ್ರಮ ಬದಲಾಯಿತು. ಸೆಟ್ಟನ್ನು ಹೊತ್ತು ನಡೆಯುವವರು ಅದನ್ನು ಮೂರು ದಿನ ಇಟ್ಟುಕೊಂಡು, ನಾಲ್ಕನೆಯ ದಿನ ನಮಗೇ ಪಾಠ ಹೇಳಬೇಕು. ಅಲ್ಲಿಯವರೆಗೆ ಯಾವ ಸೆಟ್ಟಿಗೂ ನಾನು ಸಹಿ ಹಾಕುತ್ತಿರಲಿಲ್ಲ. ಹಾರ್ನು, ಕೂಗು, ಬಾವುಟ, ಹೊಗೆ: ಯಾವುದಕ್ಕೆ ಏನರ್ಥ ಎಂದು ಹೊರಡುವ ಮುನ್ನ ಕೆಂಗೇರಿಯ ಕಾಫಿ ಹೊತ್ತಿನಲ್ಲೇ ತೀರ್ಮಾನ. ವಾಲ್ವು ಹೋಗಿ ಟ್ರಾನ್ಸಿಸ್ಟರ್ ಬಂತು, ಇಟ್ಟಿಗೆ ಹೋಗಿ ಸೋಪಿನ ಪೆಟ್ಟಿಗೆಯಷ್ಟು ಆಯಿತು. ಈ ಕ್ರಮವನ್ನು ಮಾತ್ರ ಬಿಡಬೇಡಿ. ಬಿಡಬಹುದು ಎನ್ನುವವರಿದ್ದರೆ ಬಸವೇಶ್ವರನಗರದ ನನ್ನ ಮನೆಗೆ ಬರಲಿ, ವಾದಕ್ಕೆ ತಯಾರಿದ್ದೇನೆ.

ಆದರೆ ಈ ಕ್ರಮ ಹುಟ್ಟಿದ್ದು ಸಾಹೇಬರ ಕೋಣೆಯಲ್ಲಲ್ಲ. ಮರುದಿನ ಬೆಳಿಗ್ಗೆ ಹಳ್ಳದ ದಡದಲ್ಲಿ.

ನೀರು ಮೊಣಕಾಲಿಗೆ ಇಳಿದಿತ್ತು. ಮೂವರೂ ಕೈ ಕೈ ಹಿಡಿದು ದಾಟಿ ಬಂದರು. ಗೌಸ್ ಅವರಿಗೆ ಬಿಸಿ ಚಹಾ ಕೊಟ್ಟ. ಎಳೆ ಬಿಸಿಲು, ಒದ್ದೆ ಮಣ್ಣಿನಿಂದ ಏಳುವ ಹಬೆ. ಕಾಡೆಲ್ಲ ಈಗಷ್ಟೇ ನಿದ್ದೆಯಿಂದ ಎದ್ದ ಹಾಗಿತ್ತು. ಸಿದ್ದಯ್ಯ ಲೋಟ ಮುಟ್ಟದೆ ನಿಂತೇ ಇದ್ದರು.

‘ಸರ್ಕಾರಿ ಮಾಲು ಹೋಯ್ತು ಬುದ್ಧಿ.’

‘ಹೋಗಲಿ ಬಿಡಿ. ಕೂತ್ಕೊಳಿ. ಗುಂಡಿ ಯಾಕೆ ಕಟ್ಟಿದ್ರಿ ಸಿದ್ದಯ್ಯ?’

‘ಯಾವಾಗ್ಲೂ ನಮ್ಮ ಜೊತೆಗೇ ಇರ್ಬೇಕು ಅಂದ್ರಲ್ಲ ಬುದ್ಧಿ. ಒತ್ತಿದ್ರೆ ನಾನು ನಿಮ್ ಜೊತೆಗಿದ್ದಂಗೆ ಅಂದ್ಕೊಂಡೆ. ಪಂಚೆ ಅಂಚು ಹರಿದು ಬಿಗಿಯಾಗಿ ಕಟ್ಟಿದ್ದೆ. ಬೆಳಿಗ್ಗೆಯಿಂದ ನಿಮ್ ಮಾತೇ ಬರ್ಲಿಲ್ಲ. ನಾವು ಮಾಡ್ತಿರೋ ಕೆಲ್ಸ ಸರಿಯಾಗೈತೆ, ಅದಕ್ಕೇ ಸುಮ್ನವ್ರೆ ಅಂತ ಖುಷಿ ಆಯ್ತು.’

 ‘ಬೆರಳಿಂದ ಒತ್ತಿ ಬಿಡೋದಕ್ಕೆ ಆಗ್ತಿರಲಿಲ್ವಾ?’ ಎಂದೆ.

ಅವರು ಬಲಗೈ ಹೆಬ್ಬೆರಳನ್ನು ನನ್ನ ಮುಂದೆ ಹಿಡಿದರು. ಅಗಲವಾಗಿ, ಚಪ್ಪಟೆಯಾಗಿ, ಕಲ್ಲಿನ ಬಣ್ಣಕ್ಕೆ ತಿರುಗಿದ ಬೆರಳು.

‘ಗಣಿ ಸುತ್ತಿಗೆ ಬುದ್ಧಿ. ಇದ್ರಲ್ಲಿ ಜೀವ ಇಲ್ಲ. ಒತ್ತಿವ್ನೋ ಬಿಟ್ಟಿವ್ನೋ ನಂಗೇ ಗೊತ್ತಾಗಕಿಲ್ಲ.’

‘ಶೆಡ್ಡಿನ ಮುಂದೆ ಯಾಕೆ ಹೇಳಲಿಲ್ಲ?’

‘ನೀವು ಮಾತಾಡ್ತಿದ್ರಲ್ಲ.’

ನಾನು ಆ ಕೈ ತೆಗೆದುಕೊಂಡು ಹೆಬ್ಬೆರಳ ತುದಿಯನ್ನು ನನ್ನ ಉಗುರಿನಿಂದ ಒತ್ತಿದೆ. ಮೆಲ್ಲಗೆ, ಆಮೇಲೆ ಬಲವಾಗಿ, ಗುರುತು ಮೂಡುವಷ್ಟು. ಸಿದ್ದಯ್ಯ ಬೆರಳನ್ನು ನೋಡಲಿಲ್ಲ. ಉತ್ತರ ಅಲ್ಲಿದೆಯೇನೋ ಎಂಬಂತೆ ನನ್ನ ಮುಖವನ್ನೇ ನೋಡುತ್ತಿದ್ದರು.

‘ಈಗ ಒತ್ತಿದ್ರಾ ಬುದ್ಧಿ?’ ಎಂದು ಕೇಳಿದರು.